ಉಗುರಿಲ್ಲದ ಹೆಬ್ಬೆರಳು

ಆ ಫೋಟೋ ತೆಗೆದವನು ನಾನೇ. ಇಷ್ಟು ವರ್ಷ ಮನೆಯವರಿಗೂ ಹೇಳಿಲ್ಲ.

ಆಗ ನಾನು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ರಾಣೆಬೆನ್ನೂರಿನಿಂದ ದಿನಾ ಹೋಗಿ ಬರುತ್ತಿದ್ದೆ. ಕ್ಯಾಮೆರಾ ಇರುವ ಮೊಬೈಲು ಹೊಸದಾಗಿ ಕೈಗೆ ಬಂದಿತ್ತು. ಹೈಸ್ಕೂಲಿನಲ್ಲಿ ಜೊತೆಗೆ ಓದಿದ ಐದಾರು ಮಂದಿ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡು ಆಟ ಆಡುತ್ತಿದ್ದೆವು. ಏನನ್ನಾದರೂ ತೀರ ಹತ್ತಿರದಿಂದ ಫೋಟೋ ತೆಗೆದು ಹಾಕುವುದು, ಅದೇನೆಂದು ಉಳಿದವರು ಹೇಳುವುದು. ಹಾವೇರಿಯ ಗೆಳೆಯ ತನ್ನ ಬಟ್ಟೆ ಅಂಗಡಿಯ ಕತ್ತರಿಯ ತುದಿ ಹಾಕಿದ. ನಾನು ಮೆಣಸಿನಕಾಯಿಯ ತೊಟ್ಟು ಹಾಕಿದೆ. "ಚೇಳಿನ ಬಾಲ ಐತಲೇ ಇದು" ಎಂದು ಅವನು ಬರೆದ. ಊಟದ ಬಿಡುವಿನಲ್ಲಿ ಸೈಬರ್ ಕೆಫೆಯಲ್ಲಿ ಕೂತು ಒಬ್ಬನೇ ನಗುತ್ತಿದ್ದೆ.

ಒಣಗಿದ ಕಾಯಿಯನ್ನು ಚೀಲಕ್ಕೆ ತುಳಿದು ತುಂಬುವಾಗ ಮುರಿಯಬಾರದೆಂದು ಮೊದಲು ಒಂಚೂರು ನೀರು ಚಿಮುಕಿಸುವುದು ರೂಢಿ. ಒಂದು ದಿನ ಆ ಕೆಲಸ ಮುಗಿಸಿದ ನಮ್ಮ ಹಮಾಲನ ಕೈ ಕೆಂಪಗೆ ತೊಯ್ದಿತ್ತು.

"ಕೈ ತೋರಸೋ ಮಾರಾಯ."

"ಯಾಕ್ರಿ ಅಣ್ಣಾರ, ಭವಿಷ್ಯ ಹೇಳ್ತೀರೇನು?" ಎಂದು ನಗುತ್ತ ಚಾಚಿದ. ಹಿಂದೊಮ್ಮೆ ತೂಕದ ಕಲ್ಲು ಬಿದ್ದು ಅವನ ಹೆಬ್ಬೆರಳಿನ ಉಗುರು ಹೋಗಿತ್ತು.

ಆ ಕೈಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಮದುಮಗಳ ಮೆಹಂದಿ ಎಂದರು ಗೆಳೆಯರು. ಯಾರೂ ಗುರುತಿಸಲಿಲ್ಲವೆಂಬ ಉಬ್ಬಿನಲ್ಲಿ ನಾನೇ ಉತ್ತರ ಬರೆದೆ: "ಅಲ್ಲಲೇ, ಬ್ಯಾಡಗಿ ಕಾಯಿಗೆ ಕೊಡಗಟ್ಟಲೆ ನೀರು ಹೊಡೆದ ಹಮಾಲನ ಕೈ." ಕೊಡಗಟ್ಟಲೆ ಎಂಬುದು ತಮಾಷೆಯಲ್ಲ, ನಿಜ. ನೀರು ಕುಡಿದ ಕಾಯಿ ತೂಕ ಬರುತ್ತದೆ. ಹೆಚ್ಚಿಗೆ ಹೊಡೆಸು ಎಂದು ಸಾವ್ಕಾರರು ನನಗೆ ಹೇಳಿದ್ದರು, ನಾನು ಅವನಿಗೆ ಹೇಳಿದ್ದೆ.

ಕೆಲವು ದಿನಕ್ಕೆ ಒಬ್ಬ ಖರೀದಿದಾರ ಆ ಫೋಟೋದ ಪ್ರಿಂಟು ಹಿಡಿದು ಅಂಗಡಿಗೆ ಬಂದ. ನಮ್ಮಿಂದ ಕೊಂಡ ಚೀಲಗಳಿಗೆ ಬೂಸ್ಟು ಹಿಡಿದಿತ್ತು. ಗೆಳೆಯರು ಯಾರ್ಯಾರಿಗೆ ಕಳಿಸಿದರೋ, ಅವನ ಇಮೇಲಿಗೂ ಬಂದಿತ್ತು. ನಮ್ಮ ಅಂಗಡಿಯಲ್ಲಿ ಕಂಡಿದ್ದ ಆ ಹೆಬ್ಬೆರಳನ್ನು ಅವನು ಗುರುತಿಸಿದ್ದ. ಕೆಳಗೆ ನಾನು ಬರೆದ ಉತ್ತರವಿತ್ತು, ನನ್ನ ಹೆಸರಿರಲಿಲ್ಲ.

ಸಾವ್ಕಾರರು ಹಮಾಲನನ್ನು ಕರೆದರು. "ಫೋಟೋ ಯಾಂವ ತಗದನೋ?"

ಅವನು ನನ್ನ ಕಡೆ ನೋಡಿದ. ನಾನು ಜೇಬಿನ ಮೊಬೈಲನ್ನು ಬಟ್ಟೆಯ ಮೇಲಿನಿಂದಲೇ ಒತ್ತಿ ಹಿಡಿದೆ, ಅದೇ ಎದ್ದು ಮಾತಾಡುವುದೇನೋ ಎಂಬಂತೆ.

"ನೆನಪಿಲ್ರಿ ಸಾವ್ಕಾರ್ರ," ಎಂದ.

"ಮತ್ತ ನೀರು ಹೊಡಿ ಅಂತ ಹೇಳಿದವ್ರು ಯಾರ್ರಿ?" ಎಂದ ಖರೀದಿದಾರ.

"ಎಲ್ಲಾ ಇವನ ಸ್ವಂತ ಬುದ್ಧಿ," ಎಂದು ಸಾವ್ಕಾರರು ನನ್ನ ಕಡೆ ತಿರುಗಿದರು. "ಹೌದಿಲ್ರಿ ಗುಮಾಸ್ತರ?"

"ಹೌದ್ರಿ," ಎಂದೆ.

ಅವತ್ತೇ ಅವನ ಕೆಲಸ ಹೋಯಿತು. ಅವತ್ತೇ ನಾನು ಹಾಕಿದ್ದ ಫೋಟೋಗಳನ್ನೆಲ್ಲ ಅಳಿಸಿದೆ. ಗೆಳೆಯರು ಯಾಕೆಂದು ಕೇಳಿದಾಗ ಆ ಗುಂಪನ್ನೇ ಬಿಟ್ಟೆ. ಅಂಗಡಿಯ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವನೇ ಹೇಳಲು ಬಂದನೆಂದು ಲೆಕ್ಕದ ಪುಸ್ತಕದಿಂದ ತಲೆ ಎತ್ತುತ್ತಿದ್ದೆ. ಅವನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತೆಂದು ಕೇಳಿದಾಗಲೂ ನನಗೆ ಸಮಾಧಾನವಾಗಲಿಲ್ಲ. ಕಾಯಿ ಚೀಲ ಇಡಿಸಲು ಅಲ್ಲಿಗೂ ನಮ್ಮ ಸಾವ್ಕಾರರು ಹೋಗುತ್ತಿದ್ದರಲ್ಲ.

ಮುಂದಿನ ಸುಗ್ಗಿಯಲ್ಲಿ ಬ್ಯಾಡಗಿ ಸ್ಟೇಷನ್ನಿನಲ್ಲಿ ಅವನು ಎದುರಾದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ತಪ್ಪಾತೋ," ಎಂದೆ.

"ಇಲ್ಲಿ ಯಾಕ ಹೇಳ್ತೀರಿ ಅಣ್ಣಾರ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂಗಡಿ ಇನ್ನೂ ತೆರದೈತಿ. ನಡೀರಿ, ಸಾವ್ಕಾರ್ರ ಮುಂದ ಹೇಳೂಣು. ನಾನೂ ಬರ್ತೀನಿ."

ರೈಲು ಬಂತು. ನಾನು ಹತ್ತಿಬಿಟ್ಟೆ.