ನಾಲ್ಕು ಬೆರಳು ಪರದೆ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಶುರು ಮಾಡಿದರೆ ನಾನು ನಗುತ್ತಿದ್ದೆ. ನಗದೆ ಏನು ಮಾಡಲಿ? ನಮ್ಮ ಕಡೆ ಕಾಣಿಸಿಕೊಂಡ ದೆವ್ವಗಳಲ್ಲಿ ಎರಡು ನಾನೇ. ಒಮ್ಮೆ ಕಾಕನಕೋಟೆ ಕಾಡಿನ ದಾರಿಯಲ್ಲಿ ಬೈಕು ನಿಲ್ಲಿಸಿ ಮರದ ಹಿಂದೆ ಹೋಗಿದ್ದ ಗೆಳೆಯನ ಬೆನ್ನಿಗೆ ನಿಂತು, ಹೆಂಗಸಿನ ದನಿಯಲ್ಲಿ "ಬೆಂಕಿಪೊಟ್ಣ ಐತಾ ಅಣ್ಣಾ?" ಅಂದಿದ್ದೆ. ಅವನು ಇವತ್ತಿಗೂ ಆ ದಾರಿಯಲ್ಲಿ ಬಸ್ಸಿನಲ್ಲೇ ಹೋಗುತ್ತಾನೆ. ಇನ್ನೊಮ್ಮೆ ಹೊಸ ಅಗ್ರಹಾರದ ಒಂದು ಮದುವೆ ಮನೆಯ ಅಟ್ಟದ ಮೇಲಿಂದ, ತೀರಿಕೊಂಡಿದ್ದ ಅಜ್ಜಿಯ ದನಿಯಲ್ಲಿ ಎಲೆ ಅಡಿಕೆ ಕೇಳಿದ್ದೆ. ಆಮೇಲೆ ಬಿದ್ದ ಏಟುಗಳು ಮಾತ್ರ ಬದುಕಿದ್ದವರದ್ದೇ. ಕೆಲಸದ ಒಳಗುಟ್ಟು ಗೊತ್ತಿರುವವನು ದೆವ್ವವನ್ನು ನಂಬುವುದು ಹೇಗೆ?

ಅದಕ್ಕೇ ನಾಲ್ಕು ವರ್ಷದ ಹಿಂದೆ, ಆಷಾಢದ ಒಂದು ಮಧ್ಯಾಹ್ನ ನಡೆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದರೆ ಮೊದಲು ಅನುಮಾನ ಬೀಳುವುದು ನನ್ನ ಮೇಲೇ. ನಿಮಗೂ ಬೀಳಬಹುದು. ಬೀಳಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಊರಲ್ಲಿ ನನ್ನನ್ನು ಟೇಪು ಅನ್ನುತ್ತಾರೆ, ಟೇಪ್ ರೆಕಾರ್ಡರಿನ ಟೇಪು. ಯಾರ ದನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಮೂರನೇ ಸಲ ನನ್ನ ಬಾಯಲ್ಲಿ ಬರುತ್ತದೆ. ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರು, ಓಟು ಕೇಳಲು ಬಂದು ಕೆಮ್ಮುವ ಮುಖಂಡರು, ಕೋಳಿ ಕಂಪನಿಯ ಸೂಪರ್‌ವೈಸರು, ಎಲ್ಲರನ್ನೂ ತೆಗೆಯುತ್ತೇನೆ. ಹುಡುಗಿ ನೋಡಲು ಹೋದಾಗ ಹುಡುಗಿಯ ಅಪ್ಪನ ದನಿ ತೆಗೆದು, ಆ ಸಂಬಂಧ ಅಲ್ಲಿಗೇ ನಿಂತ ದಾಖಲೆಯೂ ಇದೆ. ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಸ್ವಲ್ಪ ಟೈಮು ಬೇಕು, ಹುಡುಕಬೇಕು.

ಆದರೆ ಒಬ್ಬರ ದನಿ ಮಾತ್ರ ನನಗೆ ಒಗ್ಗಲೇ ಇಲ್ಲ. ಅವರು ಜವರಪ್ಪ ಮಾವ, ನನ್ನ ಅವ್ವನ ಅಣ್ಣ. ದನಿ ತೆಗೆಯುವುದೆಂದರೆ ಪಾತ್ರೆ ಎತ್ತಿದ ಹಾಗೆ, ಎಲ್ಲೋ ಒಂದು ಹಿಡಿ ಸಿಗಬೇಕು. ಒಬ್ಬರು ಮೂಗಿನಲ್ಲಿ ಎಳೆಯುತ್ತಾರೆ, ಒಬ್ಬರು ಮಾತಿಗೊಂದು ಸಲ ಗಂಟಲು ಕೆರೆಯುತ್ತಾರೆ. ಮಾವನ ದನಿಗೆ ಹಿಡಿಯೇ ಇರಲಿಲ್ಲ. ಮೆತ್ತಗೆ, ಒಂದೇ ಸಮ, ಎಷ್ಟು ದೂರ ನಿಂತು ಮಾತಾಡಿದರೂ ಪಕ್ಕದಲ್ಲಿ ಕೂತು ಹೇಳಿದಂತೆ. ಕೂಗಿದ್ದನ್ನು ನಾನು ಕೇಳಿಲ್ಲ. ಎಲ್ಲರೂ ಟೇಪು ಅಂದರೆ ಅವರೊಬ್ಬರು "ಅಳಿಮಯ್ಯ" ಅನ್ನುತ್ತಿದ್ದರು. ವರ್ಷಗಟ್ಟಲೆ ಆ ಒಂದು ಪದವನ್ನು ಬಚ್ಚಲು ಮನೆಯಲ್ಲಿ ಅಭ್ಯಾಸ ಮಾಡಿದ್ದೇನೆ. ಬರುತ್ತಿರಲಿಲ್ಲ.

ಮಾವ ಹಾರನಹಳ್ಳಿ ಹತ್ತಿರದವರು. ಬಹಳ ವರ್ಷ ಹೊಗೆಸೊಪ್ಪು ಬೆಳೆದು, ಬ್ಯಾರನ್‌ನಲ್ಲಿ ಬೇಯಿಸಿದವರು. ಸೊಪ್ಪು ಹದ ಮಾಡುವ ಆ ಎತ್ತರದ ಗೂಡನ್ನು ನಮ್ಮ ಕಡೆ ಬ್ಯಾರನ್ ಅನ್ನುತ್ತೇವೆ. ವಯಸ್ಸಾದ ಮೇಲೆ ಅದನ್ನು ಬಿಟ್ಟು, ಜಮೀನಿನಲ್ಲೇ ಕೋಳಿ ಶೆಡ್ಡು ಕಟ್ಟಿದರು. ಕಂಪನಿಯವರು ಒಂದು ದಿನದ ಮರಿಗಳನ್ನು ತಂದು ಬಿಡುತ್ತಾರೆ, ನಾವು ಬೆಳೆಸಿ ಕೊಡಬೇಕು. ಮೊದಲ ವಾರ ಮರಿಗಳಿಗೆ ತಾಯಿಯ ರೆಕ್ಕೆಯಷ್ಟು ಬೆಚ್ಚಗೆ ಇರಬೇಕು. ಆ ರೆಕ್ಕೆಯ ಕೆಲಸಕ್ಕೆ ಮಾವ ಒಂದು ಗ್ಯಾಸ್ ಹೀಟರು ತಂದಿದ್ದರು. ಮಲಗಿಸಿದ ಡ್ರಮ್ಮಿನಂಥದ್ದು. ಹಿಂದೆ ಫ್ಯಾನು, ಒಳಗೆ ಬೆಂಕಿ, ಮುಂದಿನ ಬಾಯಿಂದ ಬಿಸಿ ಗಾಳಿ. ಹೊತ್ತಿಸಿದರೆ ಟಿಕ್ ಟಿಕ್ ಟಿಕ್ ಬುಸ್ ಅನ್ನುತ್ತದೆ. ಆ ದನಿ ನನಗೆ ಮೊದಲ ದಿನವೇ ಬಂತು.

ಅದನ್ನು ಹೊತ್ತಿಸಲು ಮಾವನದ್ದೊಂದು ಕ್ರಮ ಇತ್ತು. ಸಿಲಿಂಡರು ಶೆಡ್ಡಿನ ಹೊರಗೇ ಇರಬೇಕು. ಪೈಪು ಸೇರುವ ಕಡೆಯೆಲ್ಲ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದಾ ನೋಡಬೇಕು. ನೆಲಕ್ಕೆ ಹಾಸುವ ಭತ್ತದ ಹೊಟ್ಟಿನಿಂದ ಎದ್ದು ಫ್ಯಾನಿನ ಹಿಂದಿನ ಜಾಲರಿಗೆ ಕೂತ ಧೂಳನ್ನು ಬ್ರಶ್ಶಿನಲ್ಲಿ ತೆಗೆಯಬೇಕು. ಹೊತ್ತಿಕೊಳ್ಳದಿದ್ದರೆ ತಕ್ಷಣ ಮತ್ತೆ ಹೊತ್ತಿಸಬಾರದು. ಗ್ಯಾಸು ಬಂದ್ ಮಾಡಿ ಹೊರಗೆ ಹೋಗಿ, ಒಂದು ಎಲೆ ಅಡಿಕೆ ಹಾಕಿಕೊಂಡು, ಅದು ಮುಗಿದ ಮೇಲೆ ಒಳಗೆ ಬರಬೇಕು. ಇಷ್ಟೆಲ್ಲ ಆದ ಮೇಲೆ ಕೊನೆಯ ಕೆಲಸ. ಶೆಡ್ಡಿನ ಎರಡೂ ಮಗ್ಗುಲಿಗೆ ತಂತಿ ಬಲೆ, ಅದಕ್ಕೆ ಕೆಳಗಿಂದ ಹಗ್ಗದಲ್ಲಿ ಎತ್ತಿ ಕಟ್ಟುವ ಪರದೆ ಇರುತ್ತದೆ. ಗಾಳಿ ಹೊಡೆಯದ ಮಗ್ಗುಲಿನ ಪರದೆಯನ್ನು ಮೇಲಿಂದ ನಾಲ್ಕು ಬೆರಳು ಇಳಿಸಬೇಕು. ಎಷ್ಟೇ ಚಳಿ ಇರಲಿ, ನಾಲ್ಕು ಬೆರಳು. ನಾನು ಒಮ್ಮೆ ಯಾಕೆ ಅಂತ ಕೇಳಿದ್ದಕ್ಕೆ, "ಬ್ಯಾರನ್‌ಗೆ ಹೊಗೆ ಆಚ್ಗೋಗಾಕೆ ಕೊಳವೆ ಐತೆ. ಇದ್ಕೆ ಉಸ್ರು ಎಳ್ಕೊಳ್ಳೋದೂ ಒಳ್ಗೇ, ಬುಡೋದೂ ಒಳ್ಗೇ ಕಣಪ್ಪ" ಅಂದಿದ್ದರು. ಆ ಮಾತಿನ ಮೇಲೆ ನನ್ನ ಗಮನ ಇರಲಿಲ್ಲ. ದನಿಯಲ್ಲಿ ಹಿಡಿ ಎಲ್ಲಿದೆ ಅಂತ ಹುಡುಕುತ್ತಿದ್ದೆ.

ಹೀಟರು ತಂದ ಮಾರನೇ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಮಂಚದ ಮೇಲೆ ಮಲಗಿ ಕಣ್ಣಲ್ಲಿ ಎಲ್ಲರನ್ನೂ ನೋಡುತ್ತಿದ್ದರು ಅಷ್ಟೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರ ಹೆಂಡತಿ ಸಾಕಮ್ಮತ್ತೆ ಒಬ್ಬರೇ. ಶೆಡ್ಡು ಎಂಟು ತಿಂಗಳು ಖಾಲಿ ಬಿತ್ತು. ಆಮೇಲೆ ನಾನು ನಡೆಸುತ್ತೇನೆ ಅಂತ ಹೋದೆ. ಸೂಪರ್‌ವೈಸರು ನನ್ನನ್ನು ನೋಡಿ ಅತ್ತೆಯ ಕಡೆ ತಿರುಗಿ, "ಈ ಬ್ಯಾಚ್ ಕೆಟ್ರೆ ಇನ್ ಮರಿ ಕೊಡಕ್ಕಾಗಲ್ಲ ಕಣಮ್ಮ, ಯೋಚ್ನೆ ಮಾಡಿ" ಅಂದ. ಅವನು ಬೈಕು ಹತ್ತಿ ಹೋದ ಮೇಲೆ ಅದೇ ಮಾತನ್ನು ಅವನದೇ ದನಿಯಲ್ಲಿ ತೆಗೆದೆ. ಅತ್ತೆ ನಗಲಿಲ್ಲ. ಶೆಡ್ಡಿನ ಬೀಗದ ಕೈ ನನ್ನ ಅಂಗೈಗಿಟ್ಟು, "ಇದೊಂದ್ರಲ್ಲಿ ಆಟ ಆಡ್ಬೇಡ ಕಣ್ಮಗ. ಶೆಡ್ಡು ಮುಚ್ಚೋದ್ರೆ ನಿಮ್ಮಾವ ಪೂರಾ ಮುಚ್ಕೊಂಡ್ಬುಡ್ತಾರೆ" ಅಂದರು. ಮಾವ ಮಂಚದಿಂದ ನೋಡುತ್ತಿದ್ದರು.

ಮರಿ ಬಂದ ದಿನ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಅದರ ಜೊತೆ ಆಷಾಢದ ಗಾಳಿ. ಮರಿಗಳನ್ನು ಹೊಟ್ಟಿನ ಮೇಲೆ ಬಿಟ್ಟು, ಸುತ್ತ ತಗಡು ನಿಲ್ಲಿಸಿ, ಹೀಟರು ಹೊತ್ತಿಸಿದೆ. ಸೋಪಿನ ನೀರು ಸವರಿದ್ದೆ, ಸುಳ್ಳು ಹೇಳುವುದಿಲ್ಲ. ಜಾಲರಿಯ ಧೂಳು ಮರೆತಿದ್ದೆ. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ಗುಂಪು ಕಟ್ಟಿ ಕಿರುಚುತ್ತಿದ್ದವು. ಚಳಿ ಆದರೆ ಮರಿಗಳು ಹಾಗೇ ಮಾಡುವುದು. ನಾನು ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದವನು. ಶಾಖ ನಿಲ್ಲುತ್ತಿಲ್ಲ ಅಂದರೆ ನಮ್ಮ ಕೈ ತಾನಾಗಿ ಹುಡುಕುವುದು ಸಂದಿಯನ್ನು. ಬ್ಯಾರನ್ನಿನ ಬಾಗಿಲ ಸಂದಿಗೆ ಮಣ್ಣು ಮೆತ್ತಿದ ಕೈ ಅದು. ಎರಡೂ ಕಡೆಯ ಪರದೆಯನ್ನು ಪೂರ್ತಿ ಎಳೆದು ಕಟ್ಟಿದೆ. ಅಲ್ಲಲ್ಲಿ ಉಳಿದ ಕಿಂಡಿಗಳಿಗೆ ಫೀಡಿನ ಖಾಲಿ ಚೀಲ ತುರುಕಿದೆ. ಬಾಗಿಲಿನ ಕೆಳಗೂ ಒಂದು ಚೀಲ. ನಾಲ್ಕು ಬೆರಳು ನೆನಪಾಗಲಿಲ್ಲವಾ ಅಂದರೆ, ಆಯಿತು. ಮರಿ ಬೆಚ್ಚಗಾಗಲಿ, ಆಮೇಲೆ ಇಳಿಸೋಣ ಅಂದುಕೊಂಡೆ.

ಊಟದ ಹೊತ್ತಿಗೆ ಶೆಡ್ಡು ಬೆಚ್ಚಗಾಯಿತು. ಮನೆಗೆ ಹೋಗಿ ಮುದ್ದೆ ಉಂಡು ವಾಪಸ್ಸು ಬಂದೆ. ಮರಿಗಳು ಎಲ್ಲ ಕಡೆ ಹರಡಿಕೊಂಡು ಸುಮ್ಮನಿದ್ದವು. ಮರಿ ಹರಡಿಕೊಂಡರೆ ಶಾಖ ಸರಿಯಿದೆ ಅಂತ ಲೆಕ್ಕ. ಅಷ್ಟು ಸುಮ್ಮನಿರಬಾರದು ಅನ್ನುವ ಲೆಕ್ಕ ನನಗೆ ಗೊತ್ತಿರಲಿಲ್ಲ. ಹೀಟರಿನ ಬಾಯಲ್ಲಿ ನೀಲಿ ಇರಬೇಕಾದ ಬೆಂಕಿ ಹಳದಿಗೆ ತಿರುಗಿತ್ತು. ಚೆನ್ನಾಗಿದೆ ಅನ್ನಿಸಿತು. ಫೀಡಿನ ಮೂಟೆಗೆ ಒರಗಿ ಕೂತು, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಾ, ಸೂಪರ್‌ವೈಸರನ ದನಿಯಲ್ಲಿ ನನಗೇ ಶಹಬ್ಬಾಸ್ ಹೇಳಿಕೊಂಡೆ. ತಲೆ ಸ್ವಲ್ಪ ಭಾರ ಇತ್ತು. ಮುದ್ದೆ ಉಂಡ ಮಂಪರು ಅಂದುಕೊಂಡೆ. ಆಮೇಲೆ ತಲೆ ನೋಯತೊಡಗಿತು, ಆದರೆ ಎದ್ದು ಹೊರಗೆ ಹೋಗೋಣ ಅನ್ನಿಸಲಿಲ್ಲ. ಹೆದರಿಕೆಯೂ ಇರಲಿಲ್ಲ. ಅದನ್ನು ಈಗ ನೆನೆಸಿಕೊಂಡರೆ ಹೆದರಿಕೆ ಆಗುತ್ತದೆ.

ಆಗ ಕೇಳಿಸಿತು.

"ಅಳಿಮಯ್ಯ. ನಾಕು ಬೆಳ್ಳು."

ಇಷ್ಟೇ. ಮೆತ್ತಗೆ, ಒಂದೇ ಸಮ, ಪಕ್ಕದಲ್ಲಿ ಕೂತು ಹೇಳಿದಂತೆ. ಗದರಿಕೆ ಇಲ್ಲ, ಅವಸರವೂ ಇಲ್ಲ. ನಾನು "ಹೂಂ ಮಾವ, ಬಂದೆ" ಅಂದೆ. ಅವರಿಗೆ ಮಾತು ಹೋಗಿ ಎಂಟು ತಿಂಗಳಾಗಿದೆ ಅಂತ ಆ ಕ್ಷಣ ಹೊಳೆಯಲೇ ಇಲ್ಲ. ಏಳಲು ಹೋದರೆ ಕಾಲು ನನ್ನದಲ್ಲ. ಅಂಬೆಗಾಲಿನಲ್ಲಿ ಪರದೆಯ ಹಗ್ಗದವರೆಗೆ ಹೋದೆ. ನಾಲ್ಕೇ ಬೆರಳು ಇಳಿಸಬೇಕು ಅಂತಿದ್ದೆ, ಆದರೆ ಗಂಟು ಪೂರ್ತಿ ಬಿಚ್ಚಿಕೊಂಡು ಆ ಮಗ್ಗುಲಿನ ಪರದೆ ಇಡಿಯಾಗಿ ಧೊಪ್ಪೆಂದು ಕೆಳಗೆ ಬಿತ್ತು. ಮಳೆ ಗಾಳಿ ಮುಖಕ್ಕೆ ಹೊಡೆದದ್ದು ಗೊತ್ತು. ಅಲ್ಲಿಂದ ಮುಂದೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ನಾನು ಶೆಡ್ಡಿನ ಹೊರಗೆ ಕೆಸರಲ್ಲಿ ಬಿದ್ದಿದ್ದೆ. ಮೈಯೆಲ್ಲ ಮಸಿಯಾಗಿದ್ದ ಪುಟ್ಟರಾಜ ನನ್ನ ಕೆನ್ನೆಗೆ ಬಾರಿಸುತ್ತಿದ್ದ. ಅವನು ಪಕ್ಕದ ಜಮೀನಿನವನು. ಬ್ಯಾರನ್ ಕೆಲಸವನ್ನು ಮಾವನ ಹತ್ತಿರವೇ ಕಲಿತವನು. ಆ ಹೊತ್ತು ತನ್ನ ಬ್ಯಾರನ್ನಿನ ಕೊಳವೆ ತಟ್ಟಿ ಮಸಿ ಕೆಡವುತ್ತಿದ್ದನಂತೆ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ಒದ್ದು, ನನ್ನನ್ನು ಎಳೆದು ಹಾಕಿದ್ದು ಅವನೇ. ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅವನೇ. ಡಾಕ್ಟರು ಆಕ್ಸಿಜನ್ ಹಾಕಿಸಿ, ಅದು ಕಾರ್ಬನ್ ಮೊನಾಕ್ಸೈಡ್ ಅಂದರು. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಹುಟ್ಟುವ ವಿಷಗಾಳಿ. ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯ ಥರವೇ ಬರುತ್ತದೆ. ಹೀಟರಿನ ಫ್ಯಾನಿಗೆ ಧೂಳು ಕಟ್ಟಿತ್ತು, ಶೆಡ್ಡಿಗೆ ನಾನು ಚೀಲ ತುರುಕಿದ್ದೆ. ಬೆಂಕಿ ಹಳದಿಗೆ ತಿರುಗಿದ್ದೂ ಅದಕ್ಕೇ. ಇನ್ನರ್ಧ ಗಂಟೆ ಕಳೆದಿದ್ದರೆ ನಾನೂ ಮರಿಗಳೂ ಒಟ್ಟಿಗೇ ಹೋಗುತ್ತಿದ್ದೆವಂತೆ. ದನಿ ಕೇಳಿಸಿದ್ದನ್ನು ಹೇಳಿದೆ. "ಮಿದುಳಿಗೆ ಆಕ್ಸಿಜನ್ ಕಮ್ಮಿ ಆದಾಗ ಏನೇನೋ ಕೇಳ್ಸುತ್ತೆ" ಅಂದರು. ನಾನು ಒಪ್ಪಿಕೊಂಡೆ. ಇವತ್ತಿಗೂ ನನ್ನ ಕಿವಿಯ ಮಟ್ಟಿಗೆ ಅದು ಒಪ್ಪುವ ಮಾತೇ.

ತೊಂದರೆ ಶುರುವಾದದ್ದು ವಾಪಸ್ಸು ಬರುವಾಗ. ದಾರಿಯಲ್ಲಿ ಟೀ ಕುಡಿಯುತ್ತಾ ಪುಟ್ಟರಾಜ ಇದ್ದಕ್ಕಿದ್ದಂತೆ ಅಂದ: "ಲೇ ಟೇಪು, ಸಾಯ್ತಿದ್ದೆ ಅಂತ ಸುಮ್ನಿದ್ದೀನಿ. ಇಲ್ದಿದ್ರೆ ಇವತ್ತು ನಿಂಗೆ ಏಟು ಬೀಳ್ತಿತ್ತು ಕಣ್ಲಾ. ಮಾತು ಹೋಗಿ ಮಲ್ಗವ್ರ ದನಿ ಯಾಕ್ಲಾ ತೆಗಿತೀಯ? ನಾಚ್ಕೆ ಆಗಲ್ವಾ?"

ಯಾವ ದನಿ ಅಂದೆ.

"ಯಾವ್ದು ಅಂತ ಬ್ಯಾರೆ ಕೇಳ್ತೀಯ. ಜವರಪ್ಪಣ್ಣಂದು ಕಣ್ಲಾ. ಅಳಿಮಯ್ಯ, ನಾಕು ಬೆಳ್ಳು, ಅಂತ. ಅಚ್ಚು ಅವರಂಗೇ. ನಮ್ಮ ಬ್ಯಾರನ್ ಇಂದ್ಗಡೆ ಅವಿತ್ಕಂಡಿದ್ದೀಯ ಅಂತ ಸುತ್ತ ಬಂದು ನೋಡ್ದೆ, ಇರ್ಲಿಲ್ಲ. ಎರಡೇಟು ಬುಡಣ ಅಂತ್ಲೇ ಶೆಡ್ಡಿಗ್ ಬಂದಿದ್ದು. ಪರದೆ ಬಿದ್ದೋಗಿತ್ತು, ನೀನೂ ಬಿದ್ದಿದ್ದೆ."

ಅಂದರೆ ಅವನು ನನ್ನನ್ನು ಉಳಿಸಲು ಬಂದವನಲ್ಲ, ಹೊಡೆಯಲು ಬಂದವನು. ಅವನ ಬ್ಯಾರನ್ನಿಂದ ನಮ್ಮ ಶೆಡ್ಡಿಗೆ ಒಂದು ಜಮೀನಿನಷ್ಟು ದೂರ. ಮಳೆ, ಗಾಳಿ, ಅದರ ಮೇಲೆ ಕೊಳವೆ ಬಡಿಯುವ ಸದ್ದು. ನಾನು ಎದೆ ಬಿರಿಯುವ ಹಾಗೆ ಕೂಗಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಅವನಿಗೂ ಪಕ್ಕದಲ್ಲಿ ನಿಂತು ಹೇಳಿದಂತೆ ಕೇಳಿಸಿತಂತೆ. ಅವನ ಮಿದುಳಿಗೆ ಆಕ್ಸಿಜನ್ ಕಮ್ಮಿ ಆಗಿರಲಿಲ್ಲ. ಆ ದನಿ ನನಗೆ ಬರುವುದೇ ಇಲ್ಲ ಅಂತ ಆಣೆ ಮಾಡಿದೆ. "ಬುಡ್ಲಾ, ನೀನ್ ಯಾವತ್ ನಿಜ ಯೋಳಿದ್ದೆ?" ಅಂದ.

ಮನೆಗೆ ಹೋದ ಕೂಡಲೇ ಅತ್ತೆಯನ್ನು ಕೇಳಿದೆ, ಮೂರು ಗಂಟೆ ಹೊತ್ತಲ್ಲಿ ಮಾವ ಏನಾದರೂ ಸದ್ದು ಮಾಡಿದರಾ ಅಂತ. ಹಾಗೆ ಏನೂ ಇಲ್ಲವಂತೆ. ಊಟ ಆದ ಮೇಲೆ ಮಲಗಿದವರು ಐದು ಗಂಟೆಯವರೆಗೆ ಮಗ್ಗುಲು ಬದಲಾಯಿಸದೆ ನಿದ್ದೆ ಮಾಡಿದರಂತೆ. "ಇಂತಾ ನಿದ್ದೆ ಬಂದು ಎಷ್ಟ್ ದಿನಾಗಿತ್ತೋ" ಅಂದರು ಅತ್ತೆ.

ಮರಿಗಳು ಒಂದಷ್ಟು ಹೋದವು, ಬಹುಪಾಲು ಉಳಿದವು. ಬ್ಯಾಚು ಹೇಗೋ ದಾಟಿತು, ಶೆಡ್ಡು ಮುಚ್ಚಲಿಲ್ಲ. ಆದರೆ ಪುಟ್ಟರಾಜ ಬಾಯಿ ಮುಚ್ಚಲಿಲ್ಲ. ಒಂದು ಸಂಜೆ ಊಟಕ್ಕೆ ಬಡಿಸಿ ಅತ್ತೆ ಎದುರಿಗೇ ಕೂತರು. ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿದೆ.

"ಅವರಂಗೇ ಮಾತಾಡ್ತೀಯಂತೆ. ಪುಟ್ಟರಾಜ ಯೋಳ್ದ" ಅಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಒಂದೇ ಒಂದ್ ಸಲ ಸಾಕಮ್ಮ ಅನ್ನಪ್ಪ. ಅವರಂಗೆ. ಮರ್ತೋಯ್ತದೇನೋ ಅಂತ ಭಯ ಆಯ್ತದೆ."

ನಾನು ಪ್ರಯತ್ನ ಮಾಡಿದೆ. ನಿಜವಾಗಿ ಮಾಡಿದೆ. ಮೊದಲು ಕಂಡಕ್ಟರು ಬಂದ, ಆಮೇಲೆ ಯಾವುದೋ ಮುದುಕ, ಆಮೇಲೆ ಬರೀ ನಾನು. ಅತ್ತೆ "ಬುಡು, ಉಣ್ಣು, ಆರೋಯ್ತದೆ" ಅಂತ ಎದ್ದು ಹೋದರು. ನನಗೆ ಬರುವುದಿಲ್ಲ ಅಂತ ಅವರು ಇವತ್ತಿಗೂ ನಂಬಿಲ್ಲ. ತಮ್ಮ ಮನಸ್ಸಿಗೆ ನೋವಾಗುತ್ತದೆ ಅಂತ ಬೇಕೆಂದೇ ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದಾರೆ. ಆ ಸಂಜೆ ಮಂಚದ ಮೇಲೆ ಮಾವ ಎಚ್ಚರವಾಗಿದ್ದರು. ಹತ್ತಿರ ಹೋಗಿ ಕಿವಿಯಲ್ಲಿ, "ಮಾವ, ಅವತ್ತು ಕರೆದದ್ದು ನೀವಾ?" ಅಂದೆ. ನನ್ನನ್ನೇ ನೋಡುತ್ತಾ ಇದ್ದು ನಿಧಾನಕ್ಕೆ ಕಣ್ಣು ಮುಚ್ಚಿದರು. ಅದು ಹೌದು ಅಂದದ್ದೋ, ನಿದ್ದೆ ಬಂದದ್ದೋ ಗೊತ್ತಾಗಲಿಲ್ಲ.

ಈಗಲೂ ಶೆಡ್ಡು ನಡೆಸುತ್ತಿದ್ದೇನೆ. ಮಾವನ ಕ್ರಮವನ್ನು ಒಂದಕ್ಷರ ಬಿಡುವುದಿಲ್ಲ. ಈ ಕಥೆಯನ್ನು ನೀವು ನಂಬದಿದ್ದರೂ ಪರವಾಗಿಲ್ಲ, ಹಳದಿ ಬೆಂಕಿಯನ್ನು ಮಾತ್ರ ನಂಬಬೇಡಿ. ಹೊಸ ಮರಿ ಬಂದ ದಿನ ಧೂಳು ತೆಗೆದು, ಹೀಟರು ಹೊತ್ತಿಸಿ, ಪರದೆಯ ಹಗ್ಗ ಸಡಿಲ ಮಾಡಿ, ಕೈ ಎತ್ತಿ ಬೆರಳಿಟ್ಟು ಅಳೆಯುತ್ತೇನೆ. ಆಮೇಲೆ ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಮೆತ್ತಗೆ, ಒಂದೇ ಸಮ, "ಸಾಕಮ್ಮ" ಅನ್ನುತ್ತೇನೆ.

ಇನ್ನೂ ಬಂದಿಲ್ಲ.