ಎಡಗಾಲಿನ ಬೂಟು

ಸಂಸ್ಥಾನ ವಿಲೀನವಾದ ವರ್ಷ ಭೂಪಾಲ ಜಮಖಂಡಿ ಪೇಟೆಗೆ ಬೂಟು ಕೊಳ್ಳಲು ಹೋದ. ಅಂಗಡಿಯವನು ಡಬ್ಬಿಯೊಳಗೆ ಕಾಗದ ಸುತ್ತಿ ಮಲಗಿಸಿದ್ದ ಬೂಟುಗಳನ್ನು ಒಂದೊಂದಾಗಿ ತೆಗೆದು ಮುಂದಿಟ್ಟ. ಏಳು ನಂಬರು ಬಿಗಿ, ಎಂಟು ನಂಬರು ಸಡಿಲ.

“ನಾಕ ದಿನಾ ಹಾಕ್ಕೊಂಡ ತಿರಗ್ಯಾಡ್ರಿ, ಕಾಲು ತಾನ ಹೊಂದಿಕೊಳ್ಳತೈತಿ” ಎಂದ ಅಂಗಡಿಯವನು.

ಭೂಪಾಲನಿಗೆ ನಗು ಬಂತು. ಬೂಟಿಗೆ ಕಾಲು ಹೊಂದಿಕೊಳ್ಳಬೇಕಂತೆ, ಒಳ್ಳೆ ಕಾಲ ಬಂತು. “ಇದು ಯಾವ ದನದ ತೊಗಲು?” ಎಂದು ಕೇಳಿದ. ಅಂಗಡಿಯವನು ಡಬ್ಬಿಯ ಮೇಲಿನ ಅಚ್ಚನ್ನು ತಿರುಗಿಸಿ ತಿರುಗಿಸಿ ಓದಿ, “ಅದನ್ನೇನ ಬರದಿಲ್ಲರಿ” ಎಂದ. ಭೂಪಾಲ ಬರಿಗೈಯಲ್ಲಿ ಹೊರಗೆ ಬಂದ. ಸಮಗಾರ ಓಣಿಯ ಕಡೆಗೆ ಹೆಜ್ಜೆ ತಾನಾಗಿ ತಿರುಗಿತು, ಆದರೆ ಅವನ ಕಾಲಿಗೆ ಬೂಟು ಹೊಲಿದುಕೊಟ್ಟಿದ್ದ ವಿಠೋಬಾ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಯಾವ ದನದ ತೊಗಲೆಂಬ ಆ ಪ್ರಶ್ನೆ ಭೂಪಾಲನದಲ್ಲ, ಅವನ ಅವ್ವ ಬಾಳವ್ವನದು. ಹದಿನಾರು ವರ್ಷಗಳ ಹಿಂದೆ ಅವನು ಸಂಸ್ಥಾನದ ಮೋಜಣಿ ಖಾತೆಯಲ್ಲಿ ಹೊಲ ಅಳೆಯುವ ಸರಪಳಿ ಹಿಡಿಯುವ ಆಳಾಗಿದ್ದ. ಎರೆಹೊಲದ ಜೋಳದ ಕೂಳೆ, ಬದುವಿನ ಜಾಲಿ ಮುಳ್ಳು, ಎಲ್ಲದರ ಮೇಲೂ ಬರಿಗಾಲು. ಒಮ್ಮೆ ಎಡಗಾಲಿನ ಮುಳ್ಳು ಕೀವಾಗಿ ಇಪ್ಪತ್ತು ದಿನ ಮಲಗಿದ. ಕಾಲು ವಾಸಿಯಾಯಿತು, ಆದರೆ ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಉಳಿಯಿತು. ಮೋಜಣಿದಾರ ಮುರಗೆಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟರು: ದಸರೆ ಮುಗಿದ ಮೇಲಿನ ಸೋಮವಾರ ಕೆಲಸ ಶುರು, ಬೂಟಿಲ್ಲದವನಿಗೆ ಸರಪಳಿ ಇಲ್ಲ.

ಪಗಾರದ ನೌಕರಿ, ಅಪ್ಪ ಇಲ್ಲದ ಮನೆ. ಬೂಟು ಬೇಕೇ ಬೇಕು. ಆದರೆ ಬಾಳವ್ವ ಬಸದಿಯಲ್ಲಿ ನೇಮ ಹಿಡಿದವಳು. ಕೊಂದ ಪ್ರಾಣಿಯ ತೊಗಲು ಅವಳ ಹೊಸ್ತಿಲು ದಾಟುವಂತಿರಲಿಲ್ಲ. ಮಗ ನೌಕರಿ ಬಿಡುವಂತೆಯೂ ಇರಲಿಲ್ಲ, ಅವಳು ನೇಮ ಬಿಡುವಂತೆಯೂ ಇರಲಿಲ್ಲ.

ಹೀಗಾಗಿ ವಿಠೋಬಾನನ್ನು ಕರೆಸಿದರು. ನಲವತ್ತು ದಾಟಿದ ತೆಳ್ಳಗಿನ ಆಳು, ಮಾತು ಕಡಿಮೆ. ಬಾಳವ್ವ ಹೊಸ್ತಿಲೊಳಗೆ, ಅವನು ಅಂಗಳದಲ್ಲಿ.

“ತಾನಾಗಿ ಸತ್ತ ದನದ್ದ ಆಗಬೇಕು. ಯಾರದು, ಹೆಂಗ ಸತ್ತತಿ, ನನಗ ಗೊತ್ತಾಗಬೇಕು” ಎಂದಳು ಬಾಳವ್ವ.

“ಆಗಲಿರಿ ಅವ್ವಾರ. ಮಾತ ಕೊಟ್ಟೇನಿ” ಎಂದ ವಿಠೋಬಾ.

ಚಪ್ಪಲಿಯಾದರೆ ಒದ್ದೆ ನೆಲದ ಮೇಲಿನ ಹೆಜ್ಜೆ ನೋಡಿ ಅಳತೆ ಹಿಡಿಯುತ್ತಿದ್ದರು, ಕಾಲು ಮುಟ್ಟುವ ಪ್ರಸಂಗವೇ ಇರಲಿಲ್ಲ. ಬೂಟಿಗೆ ಹಾಗಾಗದು. ವಿಠೋಬಾ ಭೂಪಾಲನ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು, ಆ ಗಂಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, “ನೋಯತೈತೇನ್ರಿ? ಇಲ್ಲಿ? ಇಲ್ಲಿ?” ಎಂದು ಕೇಳುತ್ತ ತೊಗಲಿನ ಪಟ್ಟಿ ಸುತ್ತಿ ಉಗುರಿನಿಂದ ಗುರುತು ಮಾಡಿದ. ಊರೂರಿನ ಹೊಲ ಅಳೆದವನನ್ನು ಯಾರೂ ಇಷ್ಟು ಜತನದಿಂದ ಅಳೆದಿರಲಿಲ್ಲ. ಅಳತೆ ಮುಗಿಯುವ ಹೊತ್ತಿಗೆ ಬಾಳವ್ವ ಮಗನ ಸ್ನಾನಕ್ಕೆ ಹಿತ್ತಲಲ್ಲಿ ನೀರು ಕಾಸಿಟ್ಟಿದ್ದಳು. ಆಗಿನ ಕಾಲ ಹಾಗಿತ್ತು, ಅದನ್ನು ಬಣ್ಣ ಹಚ್ಚಿ ಹೇಳಿ ಪ್ರಯೋಜನವಿಲ್ಲ.

ಆಮೇಲೆ ತೊಗಲಿನ ಹುಡುಕಾಟ. ಬೀಳಗಿಯ ಕಡೆಯಿಂದ ಒಂದು ಬಂತು. ಆ ಎತ್ತು ಏಟು ತಿಂದು ಸತ್ತಿತ್ತೆಂದು ತಿಳಿದು ವಿಠೋಬಾ ಹಿಂದಕ್ಕೆ ಕಳಿಸಿದ. ಕೊನೆಗೆ ಸಾವಳಗಿಯ ಗುರುಬಾಯಿಯ ಮುದಿ ಎಮ್ಮೆ ಮೇವಿನ ಗ್ವಾದಲಿಯ ಮುಂದೆ ಮಲಗಿದಲ್ಲೇ ಪ್ರಾಣ ಬಿಟ್ಟಿತು. ಅವನು ತೊಗಲು ತಂದದ್ದಷ್ಟೇ ಅಲ್ಲ, ಸಂತೆಗೆ ಬಂದ ಗುರುಬಾಯಿಯನ್ನೂ ಸಾಕ್ಷಿಗೆಂದು ಬಾಳವ್ವನ ಮನೆಗೆ ಕರೆತಂದ. ಆ ಮುದುಕಿ ಕಟ್ಟೆಯ ಮೇಲೆ ಕೂತು, ಎಮ್ಮೆಯ ಹಾಲು, ಎಮ್ಮೆಯ ಸಿಟ್ಟು, ಎಮ್ಮೆಯ ಎಂಟು ಕರು ಎಲ್ಲವನ್ನೂ ನೆನೆಸಿಕೊಂಡು ಒಂದು ತಾಸು ಅತ್ತಳು. ಬಾಳವ್ವನೂ ಜೊತೆಗೆ ಕಣ್ಣೊರೆಸಿಕೊಂಡಳು. ಸತ್ತ ಎಮ್ಮೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಭೂಪಾಲ ಮತ್ತೆಲ್ಲೂ ಕಾಣಲಿಲ್ಲ.

ಜಾಲಿ ಚಕ್ಕೆಯ ನೀರಿನಲ್ಲಿ ತೊಗಲು ಹದವಾಯಿತು, ದಸರೆಯೂ ಮುಗಿಯಿತು. ರವಿವಾರ ಮಧ್ಯಾಹ್ನ ಭೂಪಾಲ ಬೂಟು ತರಲು ಹೋದ. ಬಲಗಾಲಿನದು ತಯಾರಾಗಿತ್ತು. ಹಾಕಿಕೊಂಡರೆ ಕಾಲಿಗೆ ಏನೋ ಹಾಕಿದೆ ಎಂಬುದೇ ಮರೆತುಹೋಗಬೇಕು, ಹಾಗಿತ್ತು. ಎಡಗಾಲಿನದು ವಿಠೋಬಾನ ತೊಡೆಯ ಮೇಲಿತ್ತು. ಹಿಮ್ಮಡದ ಅಂಚು ಕೆತ್ತುತ್ತಿದ್ದವನು ಕೈ ನಿಲ್ಲಿಸಿದ. ಕಣ್ಣಿನ ಹತ್ತಿರ ಹಿಡಿದ. ಹೆಂಡತಿ ಶೇವಂತಿಯನ್ನು ಕರೆದು, “ಈ ತುಂಡ ಯಾವ ಬುಟ್ಟ್ಯಾಗಿಂದ ಕೊಟ್ಟಿ?” ಎಂದು ಕೇಳಿದ. ಶೇವಂತಿ ನೋಡಿದಳು, ಅವಳ ಮುಖ ಸಣ್ಣದಾಯಿತು. ಹಿಮ್ಮಡದ ನಾಲ್ಕು ಪದರಿನಲ್ಲಿ ನಡುವಿನದೊಂದು ಎಮ್ಮೆಯದಾಗಿರಲಿಲ್ಲ. ವ್ಯಾಪಾರಿಯಿಂದ ಕೊಂಡ ತೊಗಲಿನದು, ಕಸಾಯಿಖಾನೆಯಿಂದ ಬಂದದ್ದು.

“ಇದನ್ನ ಬಿಚ್ಚಬೇಕರಿ. ತಳದ ಹೊಲಿಗಿ ಎಲ್ಲಾ ಹೋಗತೈತಿ. ಬ್ಯಾರೆ ತುಂಡ ನೆನಸಿ, ಬಡದು, ಒಣಗಸಬೇಕು. ನಾಕ ದಿನಾ ಕೊಡ್ರಿ” ಎಂದ ವಿಠೋಬಾ.

ಭೂಪಾಲ ಅವನ ಎದುರಿಗೆ ಕುಕ್ಕರಿಸಿದ. ಮರುದಿನ ಬೆಳಿಗ್ಗೆ ಮುರಗೆಪ್ಪನವರ ಮುಂದೆ ನಿಲ್ಲಬೇಕು. “ಇರಲಿ ಬಿಡೊ ವಿಠೋಬಾ. ಬೆರಳಷ್ಟು ತುಂಡು, ಅದೂ ಒಳಗ. ಅವ್ವಗ ಯಾರ ಹೇಳತಾರ?”

“ಯಾರೂ ಹೇಳೂದಿಲ್ಲರಿ.”

“ಮತ್ತ?”

“ಮಾತ ಕೊಟ್ಟಾಂವ ನಾನರಿ” ಎಂದು ವಿಠೋಬಾ ಉಳಿಯನ್ನು ಹಿಮ್ಮಡದ ಸಂದಿಗೆ ತೂರಿಸಿದ. ತಾನೇ ಹಾಕಿದ ಹೊಲಿಗೆ ಚಟಚಟನೆ ಬಿಚ್ಚಿಕೊಂಡಿತು. ಭೂಪಾಲನಿಗೆ ಸಿಟ್ಟು ಬಂತು, ಅಳುವೂ ಬಂತು. ಒಂದು ಬೂಟನ್ನು ಬಗಲಲ್ಲಿಟ್ಟುಕೊಂಡು ಮನೆಗೆ ನಡೆದ.

“ಇನ್ನೊಂದ ಎಲ್ಲೈತೊ?” ಎಂದಳು ಬಾಳವ್ವ. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದ, ತಾನು ‘ಇರಲಿ ಬಿಡು’ ಎಂದದ್ದನ್ನೂ. ಬಾಳವ್ವ ಒಲೆಯ ಮುಂದೆ ಹೋಗಿ ಕೂತಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಬಲಗಾಲಿಗೆ ಬೂಟು, ಎಡಗಾಲಿಗೆ ಗೋಣಿತಾಟು ಸುತ್ತಿಕೊಂಡು ಹೋದವನನ್ನು ನೋಡಿ ಮೋಜಣಿಯ ಆಳುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುರಗೆಪ್ಪನವರು ನಗಲಿಲ್ಲ. ಯಾಕೆಂದು ಕೇಳಿದರು, ಭೂಪಾಲ ಹೇಳಿದ. “ಯಾರಿಗೂ ಕಾಣದ ತುಂಡಿಗೆ ಪೂರಾ ಬೂಟ ಬಿಚ್ಚಿದನೇನು?” ಎಂದು ಬಲಗಾಲಿನ ಬೂಟನ್ನು ಬಗ್ಗಿ ನೋಡಿದರು. ಆಮೇಲೆ, “ನಾಕ ದಿನಾ ಊರ ಹತ್ತಿರದ ಹೊಲಾನ ಅದಾವು. ಬಂಡಿಯಾಗ ಕೂತ ಹೊಲದ ನಕಾಶಿ ಕಾಯ್ಕೊಂಡ ಇರು. ಐದನೇ ದಿನಾ ಸರಪಳಿ ಹಿಡಿ” ಎಂದರು. ನೌಕರಿ ಉಳಿಯಿತು.

ನಾಲ್ಕನೆಯ ದಿನ ಇಳಿಹೊತ್ತಿಗೆ ವಿಠೋಬಾ ಎಡಗಾಲಿನ ಬೂಟು ಹಿಡಿದು ಅಂಗಳಕ್ಕೆ ಬಂದ. ಭೂಪಾಲ ಕಟ್ಟೆಯ ಮೇಲಿದ್ದ. ಯಾವತ್ತಿನ ಪದ್ಧತಿಯಂತೆ ವಿಠೋಬಾ ಬೂಟನ್ನು ನೆಲದ ಮೇಲಿಟ್ಟು ಹಿಂದೆ ಸರಿಯಲು ಬಗ್ಗಿದ. ಅಷ್ಟರಲ್ಲಿ ಬಾಳವ್ವ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು.

“ನೆಲದ ಮ್ಯಾಲ ಇಡಬ್ಯಾಡ. ಕೈಯಾಗ ಕೊಡು” ಎಂದಳು.

ವಿಠೋಬಾನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಎರಡೂ ಕೈ ಚಾಚಿಕೊಂಡೇ ನಿಂತಳು. ಹುಟ್ಟಿದಾಗಿನಿಂದ ತೊಗಲು ಮುಟ್ಟದವಳು ಆ ಬೂಟನ್ನು ಅವನ ಕೈಯಿಂದ ತನ್ನ ಕೈಗೆ ತೆಗೆದುಕೊಂಡಳು.

“ನನ್ನ ನೇಮಾ ನನ್ನ ಮಗಾ ಬಿಟ್ಟಕೊಟ್ಟಿದ್ದ. ನೀ ಉಳಿಸಿದೆಪ್ಪಾ” ಎಂದಳು.

ವಿಠೋಬಾ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಬಾಳವ್ವ ಬೂಟನ್ನು ಮಗನ ಪಕ್ಕದಲ್ಲಿಟ್ಟು ಒಳಗೆ ಹೋದಳು. ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡಳು, ಅದೂ ಖರೆ. ಭೂಪಾಲ ಬೂಟಿನೊಳಗೆ ಎಡಗಾಲು ಇಳಿಸಿದ. ಗಂಟಿನ ಜಾಗದಲ್ಲಿ ತೊಗಲು ಮೆತ್ತಗಿತ್ತು, ಎಲ್ಲೂ ಒತ್ತಲಿಲ್ಲ. ಹೇಗಿದೆಯೆಂದು ಕೇಳುತ್ತ ವಿಠೋಬಾ ಎದುರಿಗೆ ನಿಂತಿದ್ದ. ತಲೆ ಎತ್ತಿ ಅವನ ಮುಖ ನೋಡಲು ಭೂಪಾಲನಿಂದ ಆಗಲಿಲ್ಲ.