ಅಕ್ಕನ ಪಂಚಮಿ ಸೀರೆಯ ಸುತ್ತುದಾರಿ

ತಪ್ಪು ನನ್ನದೇ. ಗಜೇಂದ್ರಗಡದಿಂದ ನರಗುಂದಕ್ಕೆ ಬಸ್ಸು ಹತ್ತಲು ಬೇಸರಪಟ್ಟು, ಅಕ್ಕನ ಪಂಚಮಿ ಸೀರೆಯನ್ನು ಕೊರಿಯರ್‌ಗೆ ಹಾಕಿದೆ. ಪ್ರತಿ ಹಬ್ಬಕ್ಕೂ ಅವಳು ಅಣ್ಣ ಕೊಟ್ಟದ್ದನ್ನೇ ಉಡುತ್ತಾಳೆಂಬ ಹೊಟ್ಟೆಕಿಚ್ಚಿಗೆ, ಈ ಸಲ ಅವನಿಗಿಂತ ಮೊದಲೇ ಕಳಿಸಿದ್ದೆ. ಹಬ್ಬದ ದಿನ ಮೊಬೈಲಿನಲ್ಲಿ ನೋಡಿದರೆ, ಸೀರೆ ನರಗುಂದವನ್ನೂ ದಾಟಿಕೊಂಡು ಹೋಗಿ ಹುಬ್ಬಳ್ಳಿಯಲ್ಲಿ ಕೂತಿತ್ತು. ಕೊರಿಯರ್‌ನವರನ್ನು ಕೇಳಿದೆ.

"ಎಲ್ಲಾ ಊರಿನ ಚೀಲ ಅಲ್ಲೇ ಬಿಚ್ಚಿ, ಊರಿನ ಪ್ರಕಾರ ಬ್ಯಾರೆ ಮಾಡಿ, ತಿರುಗಿ ಕಳಸ್ತೀವ್ರಿ" ಎಂದರು.

ಹೊಟ್ಟೆಯುರಿ ತಾಳದೆ, ಪಕ್ಕದ ಅಂಗಡಿಯವರ ಫೋನಿನಿಂದ ಅಣ್ಣನ ದಪ್ಪ ದನಿ ತೆಗೆದು ಅಕ್ಕನಿಗೆ ಹೇಳಿದೆ: "ನನ್ನ ಸೀರಿ ಉಡಬ್ಯಾಡವ್ವಾ. ತಮ್ಮಂದು ಬರೂತನಕ ತಡಿ."

"ಅಣ್ಣ ನನ್ನ ಮುಂದ ಕುಂತು ಉಂಡಿ ತಿನ್ನಾಕತ್ತಾನ" ಎಂದಳು ಅಕ್ಕ. "ಸೀರಿ ಹುಬ್ಬಳ್ಳಿ ನೋಡ್ಕೊಂಡು ಬರ್ಲಿ. ನೀ ನೆಟ್ಟಗ ಬಸ್ ಹತ್ತಿ ಬಾ."